ನಂಜಪ್ಪನವರ ‘ಎಚ್ಚಿಸಿ ಮಡಗಿ’

ನಂಜಪ್ಪನವರು ಯಾವ ಎಂಜಿನ್ನಿಗೂ ಮೊದಲು ಕೈ ಹಚ್ಚಿದವರಲ್ಲ, ಮೂಗು ಹಚ್ಚಿದವರು. ಜನರೇಟರು ಕೆಟ್ಟಿದೆ ಎಂದು ಕರೆದರೆ ಬರುತ್ತಿದ್ದರು, ಪಂಚೆಯನ್ನು ಮೊಣಕಾಲಿಗೆ ಎತ್ತಿ ಕಟ್ಟುತ್ತಿದ್ದರು, ಕನ್ನಡಕವನ್ನು ಹಣೆಯ ವಿಭೂತಿಯ ಮೇಲಕ್ಕೆ ಏರಿಸುತ್ತಿದ್ದರು. ಆಮೇಲೆ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತಿರುಗಿಸಿ ತೆಗೆದು, ಅದರ ಬಾಯಿಗೆ ಮೂಗು ಕೊಟ್ಟು ಕಣ್ಣು ಮುಚ್ಚುತ್ತಿದ್ದರು. ಸುತ್ತ ನಿಂತವರು ಉಸಿರು ಬಿಗಿ ಹಿಡಿದು ಕಾಯಬೇಕು. ಹುಳಿ ನೋಡುವ ಅಡುಗೆಯವರ ಹಾಗೆ ಒಮ್ಮೆ ತಲೆ ಆಡಿಸಿ, “ಅಳಸೋಗೈತೆ” ಎಂದರೆ ಮುಗಿಯಿತು. ಮಿಷನ್ನು ಕೆಟ್ಟಿಲ್ಲ, ಒಳಗಿನ ಪೆಟ್ರೋಲು ಹಳಸಿದೆ ಎಂದು ಅರ್ಥ. ಅರಕಲಗೂಡಿನ ಕಡೆ ಅವರನ್ನು ‘ಮೂಸೋ ನಂಜಣ್ಣ’ ಎಂದೇ ಕರೆಯುತ್ತಿದ್ದರು. ಅವರಿಗೆ ಅದರಿಂದ ಬೇಜಾರಿರಲಿಲ್ಲ.

ಅವರ ಬಗ್ಗೆ ಬರೆಯುವುದಕ್ಕೆ ನನಗೆ ಯೋಗ್ಯತೆ ಇದೆಯೇ ಎಂದು ಕೇಳಿದರೆ ಇಲ್ಲ ಎನ್ನುತ್ತೇನೆ. ಆದರೂ ಬರೆಯುತ್ತಿದ್ದೇನೆ. ಯಾಕೆಂದು ಓದುತ್ತಾ ಹೋದರೆ ತಿಳಿಯುತ್ತದೆ.

ನಾನು ಹಾಸನದಲ್ಲಿ ಒಂದು ಕಣ್ಣಿನ ಟ್ರಸ್ಟಿನ ಸಂಚಾರಿ ವ್ಯಾನಿನ ಉಸ್ತುವಾರಿ. ಹಳೆಯ ಮಿನಿ ಬಸ್ಸೊಂದರ ಸೀಟುಗಳನ್ನು ಕಿತ್ತು ಒಳಗೆ ಒಂದು ಮಂಚ, ಕಣ್ಣಿನ ಒಳಭಾಗದ ಫೋಟೋ ತೆಗೆಯುವ ಮಿಷನ್ನು, ಕೈ ತೊಳೆಯುವ ಸಿಂಕು, ಎರಡು ಫ್ಯಾನು ಕೂರಿಸಿದ್ದಾರೆ. ಹಿಂಬದಿಯ ಗೂಡಿನಲ್ಲಿ ಹಗ್ಗ ಎಳೆದು ಶುರುಮಾಡುವ ಪೆಟ್ರೋಲ್ ಜನರೇಟರು. ಕರೆಂಟು ಇರುವ ಕಡೆ ಶಾಲೆಯಿಂದಲೋ ಪಂಚಾಯ್ತಿ ಕಟ್ಟಡದಿಂದಲೋ ವೈರು ಎಳೆದುಕೊಳ್ಳುತ್ತೇವೆ. ಕರೆಂಟು ಹೋದರೆ ಜನರೇಟರೇ ಗತಿ. ಅಂದರೆ ಅದಕ್ಕೆ ವರ್ಷದಲ್ಲಿ ಒಂದಷ್ಟು ದಿನ ಮಾತ್ರ ಕೆಲಸ, ಉಳಿದ ದಿನವೆಲ್ಲ ಗೂಡಿನಲ್ಲಿ ನಿದ್ದೆ. ಆ ನಿದ್ದೆಯೇ ಅದರ ಕಾಯಿಲೆ ಎನ್ನುವುದು ನಂಜಪ್ಪನವರು ಬರುವವರೆಗೆ ನನಗೆ ಗೊತ್ತಿರಲಿಲ್ಲ.

ಮೊದಲ ಸಲ ಅವರನ್ನು ಕಂಡದ್ದು ಅರಕಲಗೂಡಿನ ಒಂದು ಶಿಬಿರದಲ್ಲಿ. ದೀಪಾವಳಿ ಕಳೆದು ಒಂದು ವಾರವಾಗಿತ್ತು. ನಮ್ಮ ಡ್ರೈವರು ಹಗ್ಗ ಎಳೆದೂ ಎಳೆದೂ ಭುಜ ಹಿಡಿದುಕೊಂಡು ಕೂತಿದ್ದ. ಜನರೇಟರು ಎರಡು ಸಲ ಕೆಮ್ಮಿ ಸುಮ್ಮನಾಗುತ್ತಿತ್ತು. ಯಾರೋ ಹೋಗಿ ನಂಜಪ್ಪನವರನ್ನು ಕರೆತಂದರು. ಅವರು ಮೂಸಿದರು. ನನ್ನ ಕಡೆ ತಿರುಗಿ, “ಗೌರಿ ಅಬ್ಬಕ್ಕೆ ಮುಂಚೆ ಆಕ್ಸಿದ ಪೆಟ್ರೋಲು ಇದು. ಅಲ್ವಾ ಮೇಡಮ್ಮೋರೆ?” ಎಂದರು. ನಾನು ನಕ್ಕುಬಿಟ್ಟೆ. ಗಿಣಿ ಶಾಸ್ತ್ರದವರೂ ಇಷ್ಟು ಧೈರ್ಯವಾಗಿ ಹೇಳುವುದಿಲ್ಲ. ಡ್ರೈವರು ಮಾತ್ರ ನಗಲಿಲ್ಲ. ಗೌರಿ ಹಬ್ಬಕ್ಕೆ ಊರಿಗೆ ಹೋಗುವ ಹಿಂದಿನ ದಿನವೇ ತುಂಬಿಸಿದ್ದೆ ಎಂದು ತಲೆ ಕೆರೆದುಕೊಂಡ.

ಅವತ್ತು ಅವರು ಹಳೆಯ ಪೆಟ್ರೋಲನ್ನು ಒಂದು ಗಾಜಿನ ಸೀಸೆಗೆ ಬಸಿದು ಬಿಸಿಲಿಗೆ ಹಿಡಿದು ತೋರಿಸಿದರು. ತಳದಲ್ಲಿ ಬೆರಳಿನಷ್ಟು ನೀರು ಬೇರೆಯಾಗಿ ನಿಂತಿತ್ತು. “ಈಗಿನ ಪೆಟ್ರೋಲಲ್ಲಿ ಸ್ಪಿರಿಟ್ಟು ಬೆರ್ಸಿರ್ತಾರೆ ಕಣವ್ವ. ಅದು ಗಾಳೀಲಿರೋ ನೀರ್ನೆಲ್ಲ ಕುಡ್ಕೊಂಡು ಕೂತ್ಕತದೆ. ಆಲು ಮಡಗಿದ್ರೆ ಒಡೆಯಲ್ವಾ, ಅಂಗೇ ಇದೂವೆ. ಕಾರ್ಬೇಟರ್ ಒಳ್ಗೆ ಒಣಗಿ ಗೋಂದು ಆಗ್ಬುಡ್ತದೆ. ಸೂಜಿ ಮೊನೆಯಷ್ಟು ತೂತು, ಅದು ಮುಚ್ಕಂಡ್ರೆ ಮಿಷನ್ನಿಗೆ ಉಸ್ರು ಎಲ್ಲಿಂದ ಬಂದಾತು?” ಎಂದರು. ಮಾತಾಡುತ್ತಲೇ ಕಾರ್ಬುರೇಟರು ಬಿಚ್ಚಿ, ಹಳೆಯ ಬ್ರೇಕ್ ವೈರಿನ ಒಂದೇ ಎಳೆಯನ್ನು ಆ ತೂತಿಗೆ ತೂರಿಸಿ, ಬಾಯಿಂದ ಊದಿ, ಮತ್ತೆ ಕೂರಿಸಿದರು. ಮೊದಲ ಎಳೆತಕ್ಕೆ ಎಂಜಿನ್ನು ಎದ್ದಿತು. ಅಂದಿನಿಂದ ಅದರ ಜವಾಬ್ದಾರಿಯನ್ನು ಟ್ರಸ್ಟು ಅವರಿಗೇ ವಹಿಸಿತು. ಅದನ್ನು ನೋಡಿ ಹಾಸನದ ಇನ್ನೆರಡು ಸಂಸ್ಥೆಗಳೂ ತಮ್ಮ ಜನರೇಟರುಗಳನ್ನು ಅವರ ಕೈಗೆ ಒಪ್ಪಿಸಿದವು.

ಅರಕಲಗೂಡಿನ ಅವರ ಅಂಗಡಿ ಎಂದರೆ ತಗಡಿನ ಮಾಡಿನ ಒಂದು ಕೋಣೆ. ಶುಂಠಿ ಹೊಲಕ್ಕೆ ಔಷಧಿ ಹೊಡೆಯುವ ಪವರ್ ಸ್ಪ್ರೇಯರುಗಳು, ನೀರೆತ್ತುವ ಸಣ್ಣ ಎಂಜಿನ್ನುಗಳು, ಶಾಮಿಯಾನದವರ ಜನರೇಟರುಗಳು ಬಾಗಿಲವರೆಗೆ ಕೂತಿರುತ್ತಿದ್ದವು. ಒಂದು ಹಂಗಾಮಿನಲ್ಲಿ ಬಳಸಿ ಅಟ್ಟದ ಮೇಲಿಟ್ಟು, ಇನ್ನೊಂದು ಹಂಗಾಮಿಗೆ ಇಳಿಸಿ, ಶುರುವಾಗಲಿಲ್ಲ ಎಂದು ಹೊತ್ತು ತಂದವೇ ಹೆಚ್ಚು. ಅವರು ಯಾರನ್ನೂ ಬಯ್ಯದೆ ಬಿಡುತ್ತಿರಲಿಲ್ಲ. “ದುಡಿದು ಸಾಯೋ ಎಂಜಿನ್ನ ನಾನು ನೋಡಿಲ್ಲ ಕಣ್ಲಾ. ಕೂತು ಕೂತೇ ಸಾಯೋದು ಇವು, ನಿನ್ನಂಗೆ” ಎಂದು ಒಬ್ಬ ದಢೂತಿ ಗೌಡರ ಮಗನಿಗೆ ನನ್ನೆದುರೇ ಹೇಳಿದ್ದರು. ಆತ ನಗುತ್ತಾ ಸ್ಪ್ರೇಯರು ಹೊತ್ತುಕೊಂಡು ಹೋದ.

ನನಗೂ ಬೈಗುಳ ಸಮೇತ ಪಾಠವಾಯಿತು. ಹದಿನೈದು ದಿನಕ್ಕೊಮ್ಮೆ ಕೆಲಸವಿಲ್ಲದಿದ್ದರೂ ಜನರೇಟರು ಹಚ್ಚಬೇಕು, ಹಚ್ಚಿದ ಮೇಲೆ ಬರಿದೇ ಓಡಿಸದೆ ಫ್ಯಾನು, ದೀಪ ಹಾಕಿ ಅರ್ಧ ಗಂಟೆ ಅದಕ್ಕೆ ಭಾರ ಕೊಡಬೇಕು. ಪೆಟ್ರೋಲನ್ನು ಬೇಕಾದಷ್ಟೇ ತರಬೇಕು, ಕ್ಯಾನಿನ ಮೇಲೆ ತಂದ ತಾರೀಕು ಅಂಟಿಸಬೇಕು. “ಉಪ್ಪಿನಕಾಯಿ ಭರಣಿಗೆ ಅಮ್ಮಂದ್ರು ಬಟ್ಟೆ ಕಟ್ಟಲ್ವಾ? ಅಷ್ಟು ಜ್ವಾಪಾನ ಇದಕ್ಕೂ ಬೇಕು” ಎನ್ನುತ್ತಿದ್ದರು. ತಿಂಗಳುಗಟ್ಟಲೆ ಗಾಡಿ ನಿಲ್ಲುವುದಾದರೆ ಟ್ಯಾಂಕನ್ನು ಪೂರ್ತಿ ಬಸಿದು, ಎಂಜಿನ್ನು ಹಚ್ಚಿ, ಕಾರ್ಬುರೇಟರಿನಲ್ಲಿ ಉಳಿದ ಗುಟುಕೂ ಉರಿದು ತಾನಾಗಿ ನಿಲ್ಲುವವರೆಗೆ ಬಿಡಬೇಕು. ಇದು ಎಲ್ಲಕ್ಕಿಂತ ಮುಖ್ಯ.

ಆದರೆ ಈ ಕೊನೆಯ ಮಾತನ್ನು ಅವರು ಹೀಗೆ ಹೇಳುತ್ತಿರಲಿಲ್ಲ. ‘ಖಾಲಿ’, ‘ಬರಿದು’, ‘ಮುಗೀತು’ ಎಂಬ ಮಾತುಗಳು ಅವರ ನಾಲಿಗೆಗೆ ಬರುತ್ತಿರಲಿಲ್ಲ. ದೀಪ ಆರಿಸುವುದನ್ನು ಶಾಂತ ಮಾಡುವುದು ಎನ್ನುವ, ಬಳೆ ಒಡೆದರೆ ಬಳೆ ಹೆಚ್ಚಿತು ಎನ್ನುವ ಪೈಕಿ ಅವರು. ಹ ಎನ್ನುವ ಅಕ್ಷರವೂ ಅವರ ಬಾಯಲ್ಲಿರಲಿಲ್ಲವಾದ್ದರಿಂದ, ಟ್ಯಾಂಕು ಖಾಲಿ ಮಾಡಿಡಿ ಎನ್ನುವುದಕ್ಕೆ “ಟ್ಯಾಂಕು ಎಚ್ಚಿಸಿ ಮಡಗಿ” ಎನ್ನುತ್ತಿದ್ದರು. ಮನೆ ಬೆಳಗುವ ವಸ್ತುವನ್ನು ಖಾಲಿ ಎಂದು ಕರೆದರೆ ಅದು ನೊಂದುಕೊಳ್ಳುತ್ತದೆ ಎನ್ನುವುದು ಅವರ ನಂಬಿಕೆ.

ನನಗೆ ಇದು ಹೊಸ ಮಾತೇನಲ್ಲ. ಇದನ್ನು ಒತ್ತಿ ಹೇಳಬೇಕು. ಹೊಳೆನರಸೀಪುರದ ನಮ್ಮ ಮನೆಯಲ್ಲಿ ಅಜ್ಜಿ ನನ್ನನ್ನು ಅಂಗಡಿಗೆ ಅಟ್ಟುತ್ತಿದ್ದದ್ದೇ “ಉಪ್ಪು ಎಚ್ಚೈತೆ ಕಣೇ, ಓಡೋಗಿ ಬಾ” ಎಂದು. ಹೆಚ್ಚಿದೆ ಎಂದರೆ ಇಲ್ಲ ಎಂದು ಅರ್ಥ ಎನ್ನುವುದು ನನಗೆ ಅಕ್ಷರ ಕಲಿಯುವ ಮೊದಲೇ ಗೊತ್ತಿತ್ತು. ನಂಜಪ್ಪನವರಿಗೆ ಮಾತ್ರ ನಾನು ಇದನ್ನು ಯಾವತ್ತೂ ಹೇಳಿರಲಿಲ್ಲ. ಅವರ ಪ್ರಕಾರ ನಾನು ಇಂಗ್ಲಿಷ್ ಕಲಿತ ಹಾಸನದ ಮೇಡಮ್ಮು.

ಅದೊಂದು ವರ್ಷ ಆಯುಧಪೂಜೆಗೆ ವ್ಯಾನು ತೊಳೆದು, ಬಾಳೆಕಂದು ಕಟ್ಟಿ, ಜನರೇಟರಿಗೂ ಕುಂಕುಮ ಹಚ್ಚಿ, ಬರಿಹೊಟ್ಟೆಯಲ್ಲಿ ಪೂಜೆ ಮಾಡಿಸಿಕೊಳ್ಳಬಾರದೆಂದು ಕಂಠಮಟ್ಟ ಪೆಟ್ರೋಲು ತುಂಬಿಸಿದ್ದೆವು. ಇದು ನಮ್ಮ ಕಡೆಯ ಎಲ್ಲರೂ ಮಾಡುವುದೇ. ಅದೇ ವಾರ ಫೋಟೋ ತೆಗೆಯುವ ಮಿಷನ್ನು ರಿಪೇರಿಗೆ ಹೋಯಿತು, ಅದು ಬರುವುದು ಸಂಕ್ರಾಂತಿಗೇ ಎಂದರು. ಸುದ್ದಿ ತಿಳಿದ ನಂಜಪ್ಪನವರು ತಾವಾಗಿ ಫೋನು ಮಾಡಿದರು. “ಅಲ್ಲೀಗಂಟ ಗಾಡಿ ನಿಂತೇ ಇರ್ತದಲ್ವಾ? ಅಂಗಾರೆ ಟ್ಯಾಂಕು ಎಚ್ಚಿಸಿ ಮಡಗಿ ಮೇಡಮ್ಮೋರೆ. ಮರೀಬ್ಯಾಡಿ. ಇಲ್ದಿದ್ರೆ ನಾನೇ ಬತ್ತೀನಿ” ಎಂದರು. “ಅಯ್ಯೋ ಅಷ್ಟಕ್ಕೆ ನೀವ್ಯಾಕೆ ಬರ್ತೀರಾ, ನಾನೇ ಮಾಡ್ತೀನಿ” ಎಂದೆ.

ಮಾಡಲಿಲ್ಲ. ಡ್ರೈವರು ರಜೆಯಲ್ಲಿದ್ದ. ಪೈಪು ಹುಡುಕಬೇಕು, ಕ್ಯಾನು ಹುಡುಕಬೇಕು, ಕೈಯೆಲ್ಲ ವಾಸನೆ. ನಾನು ಹೊಸ ಸೀರೆ ಉಟ್ಟಿದ್ದೆ, ಹೊಳೆನರಸೀಪುರದ ಬಸ್ಸಿಗೆ ಹೊತ್ತಾಗಿತ್ತು. ನಾಳೆ ಎಂದುಕೊಂಡೆ. ಆ ನಾಳೆ ಸಂಕ್ರಾಂತಿಯವರೆಗೂ ಬರಲಿಲ್ಲ. ಇಷ್ಟೇ ಕಾರಣ, ಇದಕ್ಕಿಂತ ದೊಡ್ಡದೊಂದು ಕಾರಣ ಇದ್ದಿದ್ದರೆ ಎಂದು ಎಷ್ಟೋ ಸಲ ಅನ್ನಿಸಿದೆ.

ಸಂಕ್ರಾಂತಿ ಕಳೆದ ಮೇಲೆ ಮೊದಲ ಶಿಬಿರ ದಂಡಿಗನಹಳ್ಳಿಯಲ್ಲಿ. ಶಾಲೆಯ ಜಗಲಿ ತುಂಬ ಜನ, ಹೆಚ್ಚಿನವರು ವಯಸ್ಸಾದವರು. ಬೆಳಿಗ್ಗೆ ಕರೆಂಟು ಇತ್ತು. ಕಣ್ಣಿನ ಒಳಭಾಗದ ಫೋಟೋ ತೆಗೆಯುವ ಮೊದಲು ಪಾಪೆ ಅಗಲವಾಗಲು ಹನಿ ಹಾಕಬೇಕು. ಮೂವತ್ತು ಜನಕ್ಕೆ ಹನಿ ಹಾಕಿ ಸಾಲಾಗಿ ಕೂರಿಸಿದೆ. ಹನಿ ಬಿದ್ದ ಮೇಲೆ ನಾಲ್ಕೈದು ಗಂಟೆ ಎಲ್ಲ ಮಂಜುಮಂಜು, ಬೆಳಕು ಕಂಡರೆ ಕಣ್ಣು ಚುಚ್ಚುತ್ತದೆ. ಅಷ್ಟರಲ್ಲಿ ಊರಿನ ಟ್ರಾನ್ಸ್‌ಫಾರ್ಮರು ಸುಟ್ಟಿತು. ಡ್ರೈವರು ಜನರೇಟರಿನ ಹಗ್ಗ ಎಳೆದ. ಅದು ಕೆಮ್ಮಲೂ ಇಲ್ಲ.

ನಮ್ಮ ಡಾಕ್ಟರು ಬೆಂಗಳೂರಿನಿಂದ ಬಂದವರು, ಟ್ರಸ್ಟಿನ ಮುಖ್ಯಸ್ಥರೂ ಅವರೇ. ಕೆಟ್ಟವರಲ್ಲ, ಆದರೆ ಕೋಪ ಮೂಗಿನ ತುದಿಯಲ್ಲಿ. ಅವರೇ ನಂಜಪ್ಪನವರಿಗೆ ಫೋನು ಮಾಡಿ, ಇದ್ದಲ್ಲಿಂದ ಹೊರಡಿ ಎಂದರು. ಅರಕಲಗೂಡಿನಿಂದ ದಂಡಿಗನಹಳ್ಳಿ ಏನು ಪಕ್ಕದ ಬೀದಿಯೇ? ಹೊಳೆನರಸೀಪುರ ದಾಟಿ, ಚನ್ನರಾಯಪಟ್ಟಣದ ದಿಕ್ಕು ಹಿಡಿದು, ಆ ಮನುಷ್ಯ ಮೊಪೆಡ್ಡಿನಲ್ಲಿ ಬಂದಾಗ ಮಧ್ಯಾಹ್ನ ದಾಟಿತ್ತು. ಅಷ್ಟು ಹೊತ್ತೂ ಆ ಮೂವತ್ತು ಜನ ಸೆರಗು, ಟವೆಲ್ಲು ಕಣ್ಣಿಗೆ ಅಡ್ಡ ಹಿಡಿದು ಕೂತಿದ್ದರು. “ಯಾಕವ್ವ ಏನೂ ಕಾಣ್ತಾ ಇಲ್ಲ, ಬರೋವಾಗ ಇದ್ದಷ್ಟೂ ಇಲ್ವಲ್ಲ” ಎಂದು ಒಬ್ಬರು ನನ್ನ ಕೈ ಹಿಡಿದು ಕೇಳಿದರು. ಸಂಜೆಗೆ ಸರಿಹೋಗುತ್ತದೆ ಎಂದು ಎಲ್ಲರಿಗೂ ಹೇಳಿದ್ದನ್ನೇ ಹೇಳಿದೆ.

ನಂಜಪ್ಪನವರು ಮುಚ್ಚಳ ತೆಗೆದು ಮೂಸಿದರು. ಈ ಸಲ ತಲೆ ಆಡಿಸಲಿಲ್ಲ. ನನ್ನ ಮುಖ ನೋಡಿದರು. “ಟ್ಯಾಂಕು ತುಂಬೈತಲ್ಲವ್ವ! ಎಚ್ಚಿಸಿ ಮಡಗಿ ಅಂತ ಯೋಳಿದ್ನಲ್ಲ?” ಎಂದರು.

ಡಾಕ್ಟರು ಪಕ್ಕದಲ್ಲೇ ನಿಂತಿದ್ದರು. ಜನ ಸುತ್ತ ನಿಂತಿದ್ದರು. ನನ್ನದು ವರ್ಷ ವರ್ಷಕ್ಕೆ ಮುಂದುವರಿಸುವ ಕೆಲಸ, ಅದರ ಕಾಗದ ಡಾಕ್ಟರ ಮೇಜಿನ ಮೇಲೆ ಸಹಿಗೆ ಕಾಯುತ್ತಿತ್ತು. ಮರೆತೆ ಎಂದಿದ್ದರೆ ಒಂದೇ ಮಾತಿನಲ್ಲಿ ಮುಗಿಯುತ್ತಿತ್ತು. ನನ್ನ ಬಾಯಿಂದ ಬಂದದ್ದು ಬೇರೆ.

“ಹೌದು, ಹೆಚ್ಚಿಸಿ ಅಂದ್ರಿ. ಅದಕ್ಕೇ ತುಂಬಿಸಿಟ್ಟಿದ್ದೆ.”

ಡಾಕ್ಟರು ಸಿಡಿದರು. “ಏನ್ರೀ ಇದು? ಹೆಚ್ಚಿಸಿ ಅಂದ್ರೆ ಯಾರಾದ್ರೂ ಜಾಸ್ತಿ ಹಾಕಿ ಅಂತಾನೇ ತಿಳ್ಕೊಳ್ಳೋದು! ಖಾಲಿ ಮಾಡಿ ಅನ್ನೋಕೆ ನಿಮಗೇನು ಕಷ್ಟ? ನಿಮ್ಮ ಒಂದು ಮಾತಿಗೆ ಇಷ್ಟು ಜನ ಕಣ್ಣು ಬಿಡೋಕಾಗದೆ ಕೂತಿದ್ದಾರೆ.”

ಜಗಲಿಯಿಂದ ಒಬ್ಬ ಮುದುಕಿ, ಕಣ್ಣು ಕಾಣದೆ ಯಾವುದೋ ಕಂಬದ ಕಡೆ ಮುಖ ಮಾಡಿ, “ಎಚ್ಚಿಸೋದು ಅಂದ್ರೆ ಬರಿದು ಮಾಡೋದಲ್ವೇನಪ್ಪಾ? ನಮ್ಮಲ್ಲೂ ಅಂಗೇ ಅನ್ನೋದು” ಎಂದಳು. ಡಾಕ್ಟರಿಗೆ ಕೇಳಿಸಲಿಲ್ಲ. ನನಗೆ ಕೇಳಿಸಿತು. ಕೇಳಿಸದವಳಂತೆ ಹನಿಯ ಸೀಸೆಗಳನ್ನು ಪೆಟ್ಟಿಗೆಗೆ ಜೋಡಿಸತೊಡಗಿದೆ.

ನಂಜಪ್ಪನವರು ವಾದ ಮಾಡಲಿಲ್ಲ. ಟ್ಯಾಂಕಿನ ಮುಚ್ಚಳವನ್ನು ತಿರುಗಿಸಿ ಹಾಕಿದರು. ಆಮೇಲೆ, “ಔದು ಸಾ. ಓದಿದೋರ ತಾವ ನಾನು ಬಿಡಿಸಿ ಯೋಳ್ಬೇಕಾಗಿತ್ತು. ತಪ್ಪು ನಂದೇಯ” ಎಂದು ಕುಕ್ಕರಗಾಲಿನಲ್ಲಿ ಕೂತು ಕಾರ್ಬುರೇಟರು ಬಿಚ್ಚಿದರು. ಗೋಂದು ಎಷ್ಟು ಗಟ್ಟಿಯಾಗಿತ್ತೆಂದರೆ, ಅದು ಬಿಡುವಷ್ಟರಲ್ಲಿ ನಾಲ್ಕು ಗಂಟೆ. ಎಂಜಿನ್ನು ಎದ್ದಾಗ ಜಗಲಿಯಲ್ಲಿ ಯಾರೂ ಇರಲಿಲ್ಲ. ಒಬ್ಬರ ಹೆಗಲ ಮೇಲೆ ಒಬ್ಬರು ಕೈಯಿಟ್ಟುಕೊಂಡು ಮನೆ ಕಡೆ ನಡೆದಿದ್ದರು.

ಮುಂದಿನ ತಿಂಗಳು ಟ್ರಸ್ಟು ಹಾಸನದಲ್ಲೇ ಬೇರೆ ಮೆಕ್ಯಾನಿಕ್ಕನ್ನು ಗೊತ್ತುಮಾಡಿತು. ಡಾಕ್ಟರು ಆ ದಿನದ ಕಥೆಯನ್ನು ನಗುತ್ತಾ ನಾಲ್ಕು ಕಡೆ ಹೇಳಿದರು. ಮಿಕ್ಕ ಎರಡು ಸಂಸ್ಥೆಗಳೂ ನಂಜಪ್ಪನವರನ್ನು ಕರೆಯುವುದು ಬಿಟ್ಟವು. ಕಥೆ ಅರಕಲಗೂಡಿಗೂ ಮುಟ್ಟಿತು. “ಏನ್ ನಂಜಣ್ಣ, ಎಚ್ಚಿಸ್ಲಾ, ತುಂಬಿಸ್ಲಾ?” ಎಂದು ಬಸ್‌ಸ್ಟ್ಯಾಂಡಿನಲ್ಲಿ ಅವರನ್ನು ರೇಗಿಸುತ್ತಾರೆಂದು ಡ್ರೈವರು ಹೇಳಿದ. ನನ್ನ ಕಾಗದಕ್ಕೆ ಸಹಿಯಾಯಿತು. ಆ ಕಾಗದ ಕೈಗೆ ಬಂದ ದಿನ ಊಟ ಸೇರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಚೆನ್ನಾಗಿಯೇ ಉಂಡೆ. ನಾಚಿಕೆ ನನಗೆ ತಡವಾಗಿ ಹತ್ತಿತು, ಹತ್ತಿದ ಮೇಲೆ ಇಳಿಯಲಿಲ್ಲ.

ಒಂದು ವರ್ಷ ಕಳೆದ ಮೇಲೆ ಅರಕಲಗೂಡಿಗೆ ಒಬ್ಬಳೇ ಬಸ್ಸು ಹತ್ತಿ ಹೋದೆ. ಹೇಳಿಬಿಡಬೇಕು ಎಂದೇ ಹೋದದ್ದು. ಅಂಗಡಿಯ ಬಾಗಿಲು ಬೋಳಾಗಿ ಕಾಣುತ್ತಿತ್ತು, ಮೊದಲಿನಂತೆ ಎಂಜಿನ್ನುಗಳು ಅಡ್ಡ ಕೂತಿರಲಿಲ್ಲ. ಒಳಗೆ ಒಬ್ಬ ಶುಂಠಿ ಬೆಳೆಗಾರನಿಗೆ ನಂಜಪ್ಪನವರು ಸ್ಪ್ರೇಯರು ಒಪ್ಪಿಸುತ್ತಿದ್ದರು.

“ಔಷ್ದಿ ಒಡೆದಾದ ಮೇಲೆ ಟ್ಯಾಂಕು ಖಾಲಿ ಮಾಡ್ಬೇಕು. ಏನು ಮಾಡ್ಬೇಕು? ಯೋಳು.”

“ಖಾಲಿ ಮಾಡ್ಬೇಕು.”

“ಇನ್ನೊಂದ್ಸಲ ಯೋಳು.”

“ಖಾಲಿ ಮಾಡ್ಬೇಕು ಬುಡಣ್ಣ, ನಾನೇನು ಮಗಾನಾ?”

ಆ ಮಾತು ಬಂದಾಗಲೆಲ್ಲ ನಂಜಪ್ಪನವರು ಎರಡು ಬೆರಳಿನಿಂದ ತಮ್ಮ ಗಲ್ಲಗಳನ್ನು ಮುಟ್ಟಿಕೊಳ್ಳುತ್ತಿದ್ದರು, ದೇವರ ಮುಂದೆ ತಪ್ಪಾಯಿತು ಎನ್ನುವ ಹಾಗೆ. ಬಾಗಿಲಲ್ಲಿ ನನ್ನನ್ನು ಕಂಡು ಎದ್ದು ನಿಂತರು. ಒಂದು ಸ್ಟೂಲು ಒರೆಸಿ ಕೊಟ್ಟು, “ನೋಡಿ ಕಣವ್ವ, ಈಗ ಬಿಡಿಸಿ ಯೋಳ್ತೀನಿ. ಇನ್ನೊಬ್ರಿಗೆ ನಿಮ್ಗಾದಂಗೆ ಆಗ್ಬಾರ್ದು. ಆ ಮುದುಕರು ಎಗಲ ಮ್ಯಾಲೆ ಕೈ ಇಟ್ಕಂಡು ಓದ್ರಲ್ಲ, ನನ್ನ ಕಣ್ಣಿಂದ ಓಗಲ್ಲ” ಎಂದರು. ಅವರ ಹೆಂಡತಿ ಗಿರಿಜಮ್ಮ ಕಾಫಿ ತಂದು, “ಈಗ ಮನೇಲೂ ಖಾಲಿ ಅಂತಾನೇ ಅಂತಾರೆ ಇವ್ರು. ನಂಗೆ ಎದೆ ಝಲ್ ಅಂತದೆ” ಎಂದರು.

ಅವರು ನನ್ನ ಸುಳ್ಳನ್ನು ನಂಬಿದ್ದರು! ನನ್ನನ್ನು ಕಾಪಾಡಲು ತಪ್ಪು ಒಪ್ಪಿಕೊಂಡರೆಂದು ನಾನು ಒಂದು ವರ್ಷ ಅಂದುಕೊಂಡಿದ್ದೆ. ಹಾಗಲ್ಲ, ನಿಜವಾಗಿಯೂ ತಮ್ಮದೇ ತಪ್ಪೆಂದು ತಿಳಿದು, ಹುಟ್ಟಿನಿಂದ ಬಂದ ಮಾತನ್ನೇ ಬಿಟ್ಟಿದ್ದರು. ಕಾಫಿ ಲೋಟ ಕೆಳಗಿಟ್ಟೆ.

“ನಂಜಪ್ಪನೋರೇ, ಆ ಮಾತಿನ ಅರ್ಥ ನಂಗೆ ಗೊತ್ತಿತ್ತು. ನಮ್ಮಜ್ಜಿನೂ ಹಾಗೇ ಅಂತಿದ್ರು. ನಾನೇ ಸೋಮಾರಿತನಕ್ಕೆ ಬಿಟ್ಟೆ. ಅವತ್ತು ಡಾಕ್ಟರ ಮುಂದೆ ಸುಳ್ಳು ಹೇಳಿದೆ.”

ಅವರು ಕನ್ನಡಕ ಇಳಿಸಿಕೊಂಡು ನನ್ನನ್ನು ನೋಡಿದರು. “ಗೊತ್ತಿತ್ತಾ?” ಎಂದರು. ಗೊತ್ತಿತ್ತು ಎಂದೆ. ಕನ್ನಡಕವನ್ನು ಮತ್ತೆ ಹಣೆಗೆ ಏರಿಸಿದರು. ಆಮೇಲೆ ಕೇಳಿದರು, “ಇದ್ನ ಡಾಕ್ಟ್ರಿಗೆ ಯೋಳಿದ್ರಾ?”

“ಇಲ್ಲ.”

“ಅಲ್ಲಿಗೋಗಿ ಯೋಳಿ. ನನ್ನ ತಾವ ಯಾಕೆ ಯೋಳ್ತೀರಾ?”

ಬಯ್ಯಲಿಲ್ಲ. ಬೈದಿದ್ದರೆ ಹಗುರವಾಗಿ ಬಸ್ಸು ಹತ್ತುತ್ತಿದ್ದೆ. ಅವರು ತಿರುಗಿ ಕೂತು ಯಾವುದೋ ಪ್ಲಗ್ಗನ್ನು ಉಜ್ಜತೊಡಗಿದರು. ಬರುತ್ತೇನೆ ಎಂದಾಗ ತಲೆ ಎತ್ತದೆ, “ಊಂ, ಓಗ್ಬನ್ನಿ” ಎಂದರು. ನಾವಿಬ್ಬರೂ ಆಡಿದ ಕೊನೆಯ ಮಾತು ಅದು.

ಡಾಕ್ಟರಿಗೆ ಹೇಳಲು ನನಗೆ ಮತ್ತೆ ನಾಲ್ಕು ತಿಂಗಳು ಬೇಕಾಯಿತು. ಸೋಮವಾರ ಹೇಳುತ್ತೇನೆ, ಶಿಬಿರ ಮುಗಿಯಲಿ, ಕಾಗದ ಇನ್ನೊಮ್ಮೆ ಸಹಿಯಾಗಲಿ. ಹೀಗೆ ದಿನ ತಳ್ಳಿದೆ. ಕೊನೆಗೆ ಹೊಳೆನರಸೀಪುರದ ಒಂದು ಶಿಬಿರದಲ್ಲಿ ಊಟದ ಹೊತ್ತಿಗೆ ಅವರ ಮುಂದೆ ನಿಂತು ಎಲ್ಲವನ್ನೂ ಹೇಳಿದೆ. ಅವರು ಊಟದ ಡಬ್ಬಿ ಮುಚ್ಚಿದರು. “ಇಷ್ಟು ದಿನ ಯಾಕ್ರೀ ಬಾಯಿ ಮುಚ್ಚಿಕೊಂಡಿದ್ರಿ? ಆ ಮನುಷ್ಯನ ಬಗ್ಗೆ ನಾನು ಎಷ್ಟು ಜನಕ್ಕೆ ಹೇಳಿದೀನಿ ಗೊತ್ತಾ?” ಎಂದರು. ಆಮೇಲೆ, “ಈಗಲೇ ಫೋನ್ ಮಾಡಿ. ನಾನೇ ಮಾತಾಡ್ತೀನಿ ಅವರ ಹತ್ರ” ಎಂದರು. ನನ್ನ ಕೆಲಸ ಹೋಗಲಿಲ್ಲ. ಹೋಗಿದ್ದರೆ ಒಂದಿಷ್ಟು ಸಮಾಧಾನವಾಗುತ್ತಿತ್ತೇನೋ.

ವ್ಯಾನಿನ ಹಿಂದೆ ಹೋಗಿ ಅರಕಲಗೂಡಿಗೆ ಫೋನು ಮಾಡಿದೆ. ಅವತ್ತೂ ಊರಿನಲ್ಲಿ ಕರೆಂಟು ಇರಲಿಲ್ಲ, ಜನರೇಟರು ಓಡುತ್ತಿತ್ತು. ಫೋನು ಎತ್ತಿದವರು ಗಿರಿಜಮ್ಮ. ನಂಜಪ್ಪನವರಿಗೆ ಕೊಡಿ, ಡಾಕ್ಟರು ಮಾತಾಡಬೇಕಂತೆ ಎಂದೆ.

“ಅವ್ರು ಓಗಿ ಇಪ್ಪತ್ತು ದಿನ ಆಯ್ತು ಕಣವ್ವ. ಯಾರೂ ಯೋಳ್ಲಿಲ್ವಾ ನಿಮ್ಗೆ?” ಎಂದರು. ಆಮೇಲೆ ಅವರೇ ಕೇಳಿದರು, “ಯಾಕವ್ವ, ಮಿಷನ್ನು ನಿಂತೋಯ್ತಾ?”

“ಇಲ್ಲ ಅಮ್ಮ, ಚೆನ್ನಾಗಿ ಓಡ್ತಾ ಇದೆ” ಎಂದೆ. ಅದರ ಸದ್ದು ಅವರಿಗೂ ಕೇಳಿಸುತ್ತಿತ್ತು.